ಬೇಕಲದಲ್ಲಿ ನಿಂತು ಬೀದರನ್ನು ನೋಡಿದ್ದು

(ಬೀದರಿನ ಕಾಲೇಜೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಅಡ್ಡಮಾತುಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ಶರಣು ಶರಣಾರ್ಥಿ.

ಕೋಟೆಯ ಇತಿಹಾಸ, ಕೋಟೆಯ ಪ್ರವಾಸ ಎಂಬ ವಿಷಯ ಕೊಟ್ಟು ನನ್ನನ್ನು ಕರೆದವರ ಮನಸ್ಸಿನಲ್ಲಿ ಇದ್ದದ್ದು ನಮ್ಮ ಬೀದರ್ ಕೋಟೆಯೇ. ಅದರಲ್ಲಿ ಅನುಮಾನವಿಲ್ಲ. ಆದರೆ ಇಲ್ಲಿ ಕುಳಿತವರಲ್ಲಿ ಮುಕ್ಕಾಲು ಮಂದಿ ಆ ಕೋಟೆಯಲ್ಲೇ ಆಡಿ ಬೆಳೆದವರು. ಶಾಲೆ ತಪ್ಪಿಸಿ ಅಡಗಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಈ ಊರಿನಲ್ಲಿ ಇನ್ನೊಂದಿರಲಿಲ್ಲ. ಮೂವತ್ತು ವರ್ಷ ಮೇಷ್ಟ್ರಾಗಿ ಅಲ್ಲಿಂದ ಎಷ್ಟು ಹುಡುಗರನ್ನು ಹಿಡಿದು ತಂದಿದ್ದೇನೋ ಲೆಕ್ಕವಿಲ್ಲ. ಅವರಲ್ಲಿ ಇಬ್ಬರು ಇವತ್ತು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ, ಹೆಸರು ಹೇಳುವುದಿಲ್ಲ. ನಿಮಗೆ ಗೊತ್ತಿರುವುದನ್ನೇ ನಿಮಗೆ ಒಪ್ಪಿಸುವ ಬದಲು ಬೇರೆ ಕೋಟೆಗೆ ಕರೆದುಕೊಂಡು ಹೋಗುತ್ತೇನೆ. ಅದು ಅರಬ್ಬಿ ಕಡಲಿನ ದಂಡೆಯ ಗುಡ್ಡದ ಮೇಲಿದೆ. ಹೆಸರು ಬೇಕಲ. ಕೊನೆಗೆ ಮನೆಗೆ ತಂದು ಬಿಡುತ್ತೇನೆ, ಗಾಬರಿಯಾಗಬೇಡಿ.

ನನ್ನ ಮಗಳನ್ನು ಮಂಗಳೂರಿಗೆ ಕೊಟ್ಟಿದ್ದೇವೆ. ಎರಡು ವರ್ಷದ ಹಿಂದೆ ಜೂನ್ ತಿಂಗಳಲ್ಲಿ ಅವಳ ಮನೆಗೆ ಹೋಗಿದ್ದಾಗ ಒಂಬತ್ತು ವರ್ಷದ ಮೊಮ್ಮಗಳು ಬೇಕಲ ನೋಡಲೇಬೇಕು ಎಂದು ಹಟ ಹಿಡಿದಳು. ಮಂಗಳೂರಿನಿಂದ ದಕ್ಷಿಣಕ್ಕೆ ಸುಮಾರು 65 ಕಿಲೋಮೀಟರ್. ಕಾಸರಗೋಡು ದಾಟಿ, ಚಂದ್ರಗಿರಿ ಹೊಳೆ ದಾಟಿ ಹೋಗಬೇಕು. ನಾವು ಇಳಿದಾಗ ಮಳೆ ಬಂದು ನಿಂತಿತ್ತು. ಹೆಬ್ಬಾಗಿಲಿನ ಪಕ್ಕದಲ್ಲಿ ಆಂಜನೇಯನ ಗುಡಿ, ಸ್ವಲ್ಪ ದೂರದಲ್ಲಿ ಟಿಪ್ಪುವಿನ ಕಾಲದ್ದೆಂದು ಹೇಳುವ ಮಸೀದಿ. ಚಪ್ಪಲಿ ಜಾರುತ್ತಿತ್ತು, ಆಸರೆಗೆಂದು ಗೋಡೆಗೆ ಕೈ ಕೊಟ್ಟೆ.

ಕೊಟ್ಟ ಕೈಯನ್ನು ಹಿಂದಕ್ಕೆ ತೆಗೆಯಲಾಗಲಿಲ್ಲ. ಆ ಕಲ್ಲು ನನಗೆ ಪರಿಚಯದ್ದು. ಜೇನುಗೂಡಿನ ಹಾಗೆ ತೂತು ತೂತು, ಒದ್ದೆಯಾದಾಗ ಹಳೆಯ ರಕ್ತದ ಬಣ್ಣ, ಉಗುರಿನಿಂದ ಕೆರೆದರೆ ಹಳದಿ ಪುಡಿ. ಶಾಹೀನ ದರ್ವಾಜಾ, ಗುಂಬದ್ ದರ್ವಾಜಾ ಎಂದು ಹುಡುಗರನ್ನು ಹುಡುಕುತ್ತಾ ತಿರುಗಿದ ಕಾಲದಲ್ಲಿ ಇದೇ ಕಲ್ಲಿಗೆ ಒರಗಿ ನಾನು ಉಸಿರು ತೆಗೆದುಕೊಂಡಿದ್ದೇನೆ. (ಶಾಹೀನ ಅಲ್ಲ, ಶರ್ಜಾ ದರ್ವಾಜಾ. ಮಾತಿನ ಭರದಲ್ಲಿ ತಪ್ಪಿ ಬಂತು, ಮುಂದಿನ ಸಾಲಿನವರೇ ತಿದ್ದಿದರು. ಮೇಷ್ಟ್ರನ್ನು ತಿದ್ದುವ ಅವಕಾಶ ಅವರಿಗೆ ಇಷ್ಟು ವರ್ಷದ ಮೇಲೆ ಸಿಕ್ಕಿತು.)

ಇದೇ ಜಂಬಿಟ್ಟಿಗೆ. ಕರಾವಳಿಯವರು ಮುರಕಲ್ಲು ಎನ್ನುತ್ತಾರೆ, ಮಲಯಾಳಿಗಳು ಚೆಂಕಲ್ಲು ಎನ್ನುತ್ತಾರೆ, ನಾವು ಸುಮ್ಮನೆ ಕೆಂಪುಕಲ್ಲು ಎನ್ನುತ್ತೇವೆ. ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷ್ ಕಂಪನಿಯ ವೈದ್ಯ 1800ರಲ್ಲಿ ಮೈಸೂರು, ಮಲಬಾರ್, ಕೆನರಾ ಸೀಮೆಗಳನ್ನು ಸುತ್ತಿದ. ಮಲಬಾರಿನ ಅಂಗಡಿಪುರಂನಲ್ಲಿ ಜನ ಈ ಕಲ್ಲನ್ನು ನೆಲದಿಂದಲೇ ಇಟ್ಟಿಗೆಯಂತೆ ಕಡಿದು ತೆಗೆಯುವುದನ್ನು ನೋಡಿ, ಇಟ್ಟಿಗೆಗೆ ಲ್ಯಾಟಿನ್ನಿನಲ್ಲಿರುವ ಪದದಿಂದ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. 1807ರಲ್ಲಿ ಅದು ಅಚ್ಚಾಯಿತು, ಜಗತ್ತಿನ ಭೂವಿಜ್ಞಾನಿಗಳೆಲ್ಲ ಈಗ ಅದೇ ಹೆಸರು ಹಿಡಿದು ಕರೆಯುತ್ತಾರೆ. ನಮ್ಮ ಜಂಬಿಟ್ಟಿಗೆಯ ಬಾಲದಲ್ಲೂ ಇಟ್ಟಿಗೆಯೇ ಇದೆಯಲ್ಲ! ಸಾಹೇಬರು ಕನ್ನಡದವರನ್ನು ಒಂದು ಮಾತು ಕೇಳಿದ್ದರೆ ಲ್ಯಾಟಿನ್ ನಿಘಂಟಿನ ತನಕ ಹೋಗಬೇಕಾಗಿರಲಿಲ್ಲ.

ಈ ಕಲ್ಲು ಹುಟ್ಟುವುದು ಬಿಸಿಲು ಮತ್ತು ಮಳೆಯ ಕೈಯಲ್ಲಿ. ಲಕ್ಷಾಂತರ ವರ್ಷ ನೀರು ಇಳಿದು ಇಳಿದು ಬಂಡೆಯೊಳಗಿನ ಮರಳಿನ ಸತ್ವವನ್ನು ತೊಳೆದುಕೊಂಡು ಹೋಗುತ್ತದೆ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿಯುತ್ತವೆ, ಕಬ್ಬಿಣ ತುಕ್ಕು ಹಿಡಿದು ಕೆಂಪಾಗುತ್ತದೆ. ನೆಲದೊಳಗೆ ಇರುವಷ್ಟು ದಿನ ಮೆತ್ತಗೆ, ಕೊಡಲಿಗೂ ಬಗ್ಗುತ್ತದೆ. ಹೊರಗೆ ತೆಗೆದು ಗಾಳಿಗೆ ಇಟ್ಟರೆ ಗಟ್ಟಿಯಾಗುತ್ತದೆ. ಕೋಟೆ ಕಟ್ಟುವವನಿಗೆ ಇದಕ್ಕಿಂತ ವಿಧೇಯವಾದ ಕಲ್ಲು ಇಲ್ಲ. ಕಟ್ಟುವಾಗ ಮಾತು ಕೇಳುತ್ತದೆ, ಕಟ್ಟಿದ ಮೇಲೆ ಯಾರ ಮಾತನ್ನೂ ಕೇಳುವುದಿಲ್ಲ.

ಒಳಗೆ ಹೋದೆವು. ದಾರಿ ನೇರವಾಗಿಲ್ಲ, ಸೊಟ್ಟ ತಿರುವುಗಳಲ್ಲಿ ಒಳಗೆ ಬಿಡುತ್ತದೆ. ನಮ್ಮಲ್ಲೂ ಹಾಗೆಯೇ. ಆನೆಯೋ ತೊಲೆ ಹೊತ್ತ ದಂಡೋ ಓಡಿಬಂದು ಬಾಗಿಲಿಗೆ ಗುದ್ದದಿರಲಿ ಎಂಬ ಉಪಾಯ. ನೆಲದ ಕಡೆಗೆ ಕಂದಕ, ಉಳಿದ ಕಡೆಗೆಲ್ಲ ಕಡಲೇ ಕಂದಕ. ಒಳಗೆ ಸುಮಾರು 40 ಎಕರೆ ಬಯಲು, ಕೇರಳದಲ್ಲಿ ಇದೇ ಅತಿ ದೊಡ್ಡ ಕೋಟೆ. ಮಳೆಗಾಲವಾದ್ದರಿಂದ ನೆಲವೆಲ್ಲ ಹಸಿರು, ಗೋಡೆಯೆಲ್ಲ ಪಾಚಿ. ಮೆಟ್ಟಿಲಿಳಿದು ನೀರು ಮುಟ್ಟುವ ಕೊಳವೊಂದಿದೆ, ಮದ್ದಿನಮನೆ ಇದೆ. ನಡುವೆ ಒಂದು ದುಂಡನೆಯ ಕಾವಲು ಬತೇರಿ. ಅದಕ್ಕೆ ಮೆಟ್ಟಿಲಿಲ್ಲ, ಅಗಲವಾದ ಇಳಿಜಾರು ದಾರಿ. ಮದ್ದುಗುಂಡುಗಳನ್ನು ಉರುಳಿಸಿಕೊಂಡು ಏರಬಹುದು. ಮೊಣಕಾಲಿನ ನೋವಿರುವ ನನ್ನಂಥವರೂ ಏರಬಹುದು.

ಮೇಲೆ ನಿಂತರೆ ಕಡಲು. ಜೂನ್ ತಿಂಗಳ ಕಡಲು ನೀಲಿಯಲ್ಲ, ಬೂದಿ ಬಣ್ಣದ್ದು. ನಮ್ಮ ಕಡೆ ಮುಂಗಾರು ಮೋಡ ಬಯಲಿನ ಮೇಲೆ ಉರುಳಿಕೊಂಡು ಬರುತ್ತದಲ್ಲ, ಅದೇ ಬಣ್ಣ, ಆದರೆ ಕಾಲ ಕೆಳಗೆ. ಅಲೆ ಬಂದು ಬಂಡೆಗೆ ಬಡಿದಾಗ ಸದ್ದು ಮೊದಲು ಎದೆಗೆ ತಾಕಿ ಆಮೇಲೆ ಕಿವಿಗೆ ಬರುತ್ತದೆ. ನನ್ನ ಹೆಂಡತಿ ಕಡಲನ್ನು ನೋಡಿದ್ದು ಅದೇ ಮೊದಲು ಅಲ್ಲ, ಆದರೆ ಮೇಲಿನಿಂದ ನೋಡಿದ್ದು ಮೊದಲು. "ಇಷ್ಟು ನೀರು ಇಟ್ಟುಕೊಂಡು ಕುಡಿಯಲು ಒಂದು ತಂಬಿಗೆ ಇಲ್ಲ" ಎಂದಳು. ಬರಗಾಲ ಕಂಡ ಊರಿನವರ ಕಣ್ಣೇ ಹಾಗೆ.

ಕಡಲ ಕಡೆಯ ಬುರುಜುಗಳಲ್ಲಿ ತುಪಾಕಿ ಇಡುವ ಕಿಂಡಿಗಳನ್ನು ನೋಡಬೇಕು. ಒಂದರ ಕೆಳಗೆ ಒಂದರಂತೆ, ಬೇರೆ ಬೇರೆ ಓರೆಯಲ್ಲಿ ಕೊರೆದಿದ್ದಾರೆ. ಮೇಲಿನ ಕಿಂಡಿಯಲ್ಲಿ ಕಣ್ಣಿಟ್ಟರೆ ದೂರದ ಅಲೆ ಕಾಣುತ್ತದೆ, ನಡುವಿನದರಲ್ಲಿ ದಂಡೆ, ಕೆಳಗಿನದರಲ್ಲಿ ಗೋಡೆಯ ಬುಡದ ಬಂಡೆ. ದೂರದ ಶತ್ರುವಿಗೆ ಒಂದು, ಹತ್ತಿರ ಬಂದವನಿಗೆ ಒಂದು, ಬುಡಕ್ಕೇ ಬಂದವನಿಗೆ ಒಂದು. ಮೊಮ್ಮಗಳು ಮೂರರಲ್ಲೂ ಇಣುಕಿ ನೋಡಿದಳು, ಆಮೇಲೆ ಹಿಂದೆ ತಿರುಗಿ ಖಾಲಿ ಬಯಲನ್ನು ನೋಡಿ ಕೇಳಿದಳು:

"ಮುತ್ಯಾ, ಇಲ್ಲಿ ರಾಜನ ಮನೆ ಎಲ್ಲಿ?"

ಬೀದರಿನ ರಕ್ತ ನೋಡಿ! ರಜೆಗೆ ಬಂದಾಗಲೆಲ್ಲ ಅವಳು ಕೋಟೆಯಲ್ಲಿ ರಂಗೀನ್ ಮಹಲ್, ತಖ್ತ್ ಮಹಲ್, ಗಗನ್ ಮಹಲ್, ತರ್ಕಶ್ ಮಹಲ್ ಎಂದು ನೋಡಿದವಳು. ಕೋಟೆ ಎಂದರೆ ಒಳಗೆ ಅರಮನೆ ಇರಲೇಬೇಕು ಎಂದು ತಿಳಿದಿದ್ದಾಳೆ. ಬೇಕಲದಲ್ಲಿ ಅರಮನೆ ಇಲ್ಲ. ಇವತ್ತಿನ ನನ್ನ ಮಾತೆಲ್ಲ ಆ ಹುಡುಗಿಗೆ ನಾನು ಆ ದಿನ ಸರಿಯಾಗಿ ಕೊಡಲಾಗದ ಉತ್ತರ ಅಂತಲೇ ತಿಳಿಯಿರಿ.

ರಾಜನ ಮನೆ ಅಲ್ಲಿಂದ ಬಹಳ ದೂರ, ಘಟ್ಟದ ಮೇಲೆ, ಬಿದನೂರಿನಲ್ಲಿ ಇತ್ತು. ಈಗ ಕಾಣುವ ಬೇಕಲ ಕೋಟೆಯನ್ನು 1650ರ ಆಸುಪಾಸಿನಲ್ಲಿ ಕಟ್ಟಿಸಿದವನು ಕೆಳದಿಯ ಶಿವಪ್ಪನಾಯಕ. ಗದ್ದೆಯ ಕಂದಾಯವನ್ನು ಅಳೆದು ತೂಗಿ ಗೊತ್ತು ಮಾಡಿ "ಶಿವಪ್ಪನಾಯಕನ ಶಿಸ್ತು" ಎಂಬ ಮಾತನ್ನೇ ಕನ್ನಡಕ್ಕೆ ಕೊಟ್ಟವನು. ಮಲೆನಾಡಿನ ಮೆಣಸು, ಕರಾವಳಿಯ ಅಕ್ಕಿ ಇವೆರಡೂ ಕಡಲ ದಾರಿಯಲ್ಲಿ ಹೋಗಬೇಕು, ದುಡ್ಡು ಅದೇ ದಾರಿಯಲ್ಲಿ ಬರಬೇಕು. ಆ ದಾರಿಯ ಬಾಯಲ್ಲಿ ಪೋರ್ಚುಗೀಸರು ಕುಳಿತಿದ್ದರು. 1650ರ ದಶಕದ ಮೊದಲ ಕೆಲವೇ ವರ್ಷಗಳಲ್ಲಿ ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿದ್ದ ಅವರ ಕೋಟೆಗಳನ್ನು ಶಿವಪ್ಪನಾಯಕ ಕಸಿದುಕೊಂಡ. ಕಸಿದುಕೊಂಡರೆ ಸಾಲದು, ಕಾಯಬೇಕಲ್ಲ. ಅದಕ್ಕಾಗಿ ತೆಂಕಣ ಗಡಿಯಲ್ಲಿ ಚಂದ್ರಗಿರಿ, ಬೇಕಲ, ಮುಂದಕ್ಕೆ ಹೊಸದುರ್ಗ ಎಂದು ಕೆಳದಿಯವರ ಕೋಟೆಗಳ ಸರಮಾಲೆ. ಕಾಞಂಗಾಡಿನ ಆ ಕೋಟೆಗೆ ಇವತ್ತಿಗೂ ಹೊಸದುರ್ಗ ಎಂದೇ ಹೆಸರು. ಊರು ಮಲಯಾಳಂ ಆಡುತ್ತದೆ, ಹೆಸರು ಕನ್ನಡ ಆಡುತ್ತದೆ. ಕಾವಲಿಗೆಂದು ನೆಲೆ ನಿಂತ ಮನೆತನಗಳವರು ರಾಮಕ್ಷತ್ರಿಯರು, ಅವರನ್ನು ಅಲ್ಲಿ ಕೋಟೆಯವರು ಎಂದೇ ಕರೆಯುತ್ತಾರೆ. ದಂಡು ಹೋಗಿ ಕಾಲವಾಯಿತು, ಮನೆಯೊಳಗೆ ಕನ್ನಡ ಉಳಿದಿದೆ.

ಬೀದರ್ ಜಿಲ್ಲೆಯವರಾದ ನಮಗೆ ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾಗದು. ಕೆಳದಿಯ ನಾಯಕರು ಲಿಂಗವಂತರು. ಹನ್ನೆರಡನೆಯ ಶತಮಾನದಲ್ಲಿ ನಮ್ಮ ಕಲ್ಯಾಣದಲ್ಲಿ ಹೊತ್ತಿದ ದೀಪ ಐದು ನೂರು ವರ್ಷದ ಮೇಲೆ ಕಡಲ ದಂಡೆಯ ಒಂದು ಗುಡ್ಡದ ತನಕ ಹೋಗಿತ್ತು. ಅಲ್ಲಿಗೆ ಹೋಗುವಾಗ ಕೈಯಲ್ಲಿ ತುಪಾಕಿಯನ್ನೂ ಹಿಡಿದಿತ್ತು ಎಂಬುದನ್ನು ಮರೆಮಾಚುವುದು ಬೇಡ.

ಮುಂದಿನ ಕಥೆ ನಿಮಗೆ ಗೊತ್ತಿರುವಂಥದ್ದೇ. 1763ರಲ್ಲಿ ಹೈದರ್ ಬಿದನೂರನ್ನು ಹಿಡಿದ, ಕೋಟೆಗಳೆಲ್ಲ ಅವನ ಕೈಗೆ ಬಂದವು. ಟಿಪ್ಪು ಮಲಬಾರಿನ ದಂಡಯಾತ್ರೆಗೆ ಬೇಕಲವನ್ನು ನೆಲೆ ಮಾಡಿಕೊಂಡ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ. ಕಡಲಿನಲ್ಲಿ ಎದುರಾಳಿಯೇ ಇಲ್ಲದ ಕಂಪನಿಗೆ ಕಡಲ ಕೋಟೆ ಏಕೆ ಬೇಕು? ಹುಲ್ಲು ಬೆಳೆಯಿತು.

ಬೇಕಲ ಇದ್ದದ್ದು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. 1956ರ ನವೆಂಬರ್ 1ರಂದು ಕಾಸರಗೋಡು ಸೀಮೆಯನ್ನು ಆ ಜಿಲ್ಲೆಯಿಂದ ಬಿಡಿಸಿ ಕೇರಳಕ್ಕೆ ಸೇರಿಸಿದರು. ನಮ್ಮ ಬೀದರು ನಿಜಾಮರ ಹೈದರಾಬಾದಿನಿಂದ ಬಿಡಿಸಿಕೊಂಡು ಕನ್ನಡ ರಾಜ್ಯಕ್ಕೆ ಬಂದದ್ದು ಯಾವಾಗ? ಅದೇ ದಿನ. ಪೂರಾ ಜಿಲ್ಲೆ ಬರಲಿಲ್ಲ, ಉದಗೀರ, ನಿಲಂಗಾ ಈಗಿನ ಮಹಾರಾಷ್ಟ್ರದ ಕಡೆ ಹೋದವು, ಜಹೀರಾಬಾದು, ನಾರಾಯಣಖೇಡ ಈಗಿನ ತೆಲಂಗಾಣದ ಕಡೆ ಹೋದವು, ಉಳಿದದ್ದು ನಾವು. ಪ್ರತಿ ನವೆಂಬರ್ ಒಂದಕ್ಕೆ ನಾವು ಇಲ್ಲಿ ಧ್ವಜ ಏರಿಸುತ್ತೇವೆ. ಕಾಸರಗೋಡಿನ ಕನ್ನಡಿಗರಿಗೆ ಅದು ಬೇರೆಯ ನೆನಪಿನ ದಿನ. ಬಾಗಿಲು ಒಂದೇ ಸಲ ತೆರೆಯಿತು, ನಾವು ಒಳಗೆ ಬಂದೆವು, ಅವರು ಹೊರಗೆ ಉಳಿದರು. ಬೇಕಲದಲ್ಲಿ ಇದನ್ನು ನೆನೆದು ನನಗೆ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ಹಾಗೆಂದು ಭಾವುಕರಾಗಿ ಲೆಕ್ಕ ತಪ್ಪಬಾರದು: ರಾಜ್ಯಗಳ ಗಡಿ ಜಗಳ ಬಗೆಹರಿಸಲು ನೇಮಿಸಿದ್ದ ಮಹಾಜನ ಆಯೋಗದ 1967ರ ವರದಿ ಕರ್ನಾಟಕಕ್ಕೆ ಸೇರಬೇಕೆಂದು ಹೇಳಿದ್ದು ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು. ಬೇಕಲ ಇರುವುದು ದಕ್ಷಿಣಕ್ಕೆ. ಆ ವರದಿ ಜಾರಿಯಾಗಿದ್ದರೂ ಕೋಟೆ ಕೇರಳದಲ್ಲೇ ಇರುತ್ತಿತ್ತು. ಏಳು ಭಾಷೆಗಳ ನಾಡು ಎಂದು ಕಾಸರಗೋಡಿನವರು ತಮ್ಮ ಊರನ್ನು ಹೊಗಳಿಕೊಳ್ಳುತ್ತಾರೆ. ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕನ್ನೂ ಒಂದೇ ಅಂಗಡಿಯ ಕಟ್ಟೆಯ ಮೇಲೆ ಆಡುವ ನಮಗೆ ಅದು ಅಷ್ಟೇನೂ ಸೋಜಿಗವಲ್ಲ.

ಇನ್ನು ಮನೆಗೆ ಬರೋಣ.

ಬೇಕಲ ನೋಡಿ ಬಂದ ಮೇಲೆ ಒಂದು ಶ್ರಾವಣದ ಬೆಳಿಗ್ಗೆ ನಾನು ನಮ್ಮ ಕೋಟೆಯ ಉತ್ತರದ ಗೋಡೆಗೆ ಹೋದೆ. ಗೋಡೆಯ ಮೇಲೆ ನಿಂತು ಕೆಳಗೆ ನೋಡಿ. ಅಲ್ಲಿ ನೆಲ ಥಟ್ಟನೆ ಮುಗಿದುಹೋಗುತ್ತದೆ. ಬೀದರ್ ಇರುವುದು ಸಮುದ್ರಮಟ್ಟದಿಂದ ಸುಮಾರು 2,300 ಅಡಿ ಎತ್ತರದ ಕೆಂಪುಕಲ್ಲಿನ ದಿಬ್ಬದ ಮೇಲೆ, ಕೋಟೆ ಇರುವುದು ಆ ದಿಬ್ಬದ ಅಂಚಿನಲ್ಲಿ. ಕೆಳಗೆ ಮಾಂಜ್ರಾ ಕಡೆಯ ಬಯಲು. ಆ ಬೆಳಿಗ್ಗೆ ಬಯಲಿನ ತುಂಬ ಮಂಜು ತುಂಬಿತ್ತು. ಅಲ್ಲೊಂದು ಇಲ್ಲೊಂದು ಮರದ ತಲೆ ದೋಣಿಯ ಹಾಗೆ ತೇಲುತ್ತಿತ್ತು. ಅರವತ್ತು ವರ್ಷ ಈ ಊರಿನಲ್ಲಿದ್ದು ನಾನು ಇದನ್ನು ಬಯಲು ಎಂದೇ ನೋಡಿದ್ದೆ. ಇದು ದಂಡೆ. ನೀರಿಲ್ಲ, ಅಷ್ಟೇ.

ಅಹ್ಮದ್ ಷಾ ವಲಿ ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದು 1429ರಿಂದ 1432ರ ಹೊತ್ತಿಗೆ ಈ ಕೋಟೆಯನ್ನು ಕಟ್ಟಿಸಿದ. ಉತ್ತರ, ಪೂರ್ವಗಳಲ್ಲಿ ಕಡಿದಾದ ಇಳಿಜಾರೇ ಕಾವಲು. ದಕ್ಷಿಣದಲ್ಲಿ, ಊರಿನ ಕಡೆಗೆ, ನೆಲ ಸಮತಟ್ಟು. ಬೇಕಲದಲ್ಲಿ ಮೂರು ಕಡೆ ಕಡಲು ಮಾಡಿದ ಕೆಲಸವನ್ನು ಇಲ್ಲಿ ಮನುಷ್ಯ ಮಾಡಬೇಕಾಯಿತು. ಹಾಗಾಗಿ ಮೂರು ಪದರದ ಕಂದಕ. ಅದನ್ನು ತೋಡಿದ್ದು ಎಂದರೆ ತಪ್ಪು, ಕೆತ್ತಿದ್ದು ಎನ್ನಬೇಕು. ಬಂಡೆಯನ್ನು ಆಳಕ್ಕೆ ಕಡಿಯುತ್ತಾ ನಡುವೆ ಎರಡು ಕಲ್ಲಿನ ಗೋಡೆಗಳನ್ನು ಹಾಗೆಯೇ ಬಿಟ್ಟಿದ್ದಾರೆ. ಒಂದು ಕಂದಕ ಹಾರಿದವನಿಗೆ ಇನ್ನೊಂದು, ಅದನ್ನೂ ದಾಟಿದವನಿಗೆ ಮತ್ತೊಂದು. ಕಡಿದ ಕಲ್ಲೆಲ್ಲ ಎಲ್ಲಿಗೆ ಹೋಯಿತು ಎಂದು ಕೇಳುವವರು ತಲೆ ಎತ್ತಿ ಗೋಡೆ ನೋಡಬೇಕು. ಊರಿಗೆ ನೆಂಟರು ಬಂದಾಗ ನಾವು ನೇರ ರಂಗೀನ್ ಮಹಲಿಗೆ ಕರೆದೊಯ್ಯುತ್ತೇವೆ. ನನ್ನನ್ನು ಕೇಳಿದರೆ ಮೊದಲು ಕಂದಕದ ಅಂಚಿನಲ್ಲಿ ಹತ್ತು ನಿಮಿಷ ನಿಲ್ಲಿಸಬೇಕು. ಚೆಂದದ ಕೆಲಸ ಎಲ್ಲಾ ಕೋಟೆಗಳಲ್ಲೂ ಸಿಗುತ್ತದೆ, ಇಂಥ ಹಟ ಸಿಗುವುದಿಲ್ಲ.

ಕಡಲಿನಿಂದ ಇಷ್ಟು ದೂರ ಕುಳಿತ ಈ ಕೋಟೆಯ ಬದುಕಿನ ತುಂಬ ಕಡಲೇ ಇದೆ ಎಂಬುದು ನನಗೆ ಬೇಕಲದ ತನಕ ಹೋಗಿ ಬರುವವರೆಗೆ ಹೊಳೆದಿರಲಿಲ್ಲ. ರಂಗೀನ್ ಮಹಲಿನ ಬಾಗಿಲುವಾಡಗಳಲ್ಲಿ ಕರಿಕಲ್ಲಿನೊಳಗೆ ಕೂರಿಸಿದ ಮುತ್ತಿನ ಚಿಪ್ಪು ಹೊಳೆಯುತ್ತದಲ್ಲ, ಅದು ಬಹಮನಿಗಳ ಆಮೇಲೆ ಬೀದರನ್ನು ಆಳಿದ ಬರೀದ್ ಶಾಹಿ ಸುಲ್ತಾನ ಅಲೀ ಬರೀದನ ಕಾಲದ ಕೆಲಸ. ಒಂದೊಂದು ಚೂರೂ ಯಾವುದೋ ಕಡಲಿನ ತಳದಲ್ಲಿ ಬೆಳೆದದ್ದು. ಗವಾನನನ್ನು ನೋಡಿ. ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಹುಟ್ಟಿದ್ದು ಕ್ಯಾಸ್ಪಿಯನ್ ಸಮುದ್ರದ ದಂಡೆಯ ಗೀಲಾನ್ ಸೀಮೆಯಲ್ಲಿ. 1453ರ ಸುಮಾರಿಗೆ ವ್ಯಾಪಾರಿಯಾಗಿ ಕೊಂಕಣದ ದಾಬೋಳ ಬಂದರಿನಲ್ಲಿ ಇಳಿದು ಬೀದರಿಗೆ ಬಂದ. ವ್ಯಾಪಾರಿ ವಜೀರನಾದ. 1472ರಲ್ಲಿ ಇಲ್ಲಿ ಮದರಸಾ ಎದ್ದು ನಿಂತಿತು, ಅದೇ ವರ್ಷ ಅವನು ವಿಜಯನಗರದ ಕೈಯಿಂದ ಗೋವೆಯನ್ನು ಕಿತ್ತುಕೊಂಡ. ಒಂದು ಕೈಯಲ್ಲಿ ಪಾಠಶಾಲೆ, ಇನ್ನೊಂದು ಕೈಯಲ್ಲಿ ಬಂದರು. ಒಳನಾಡಿನ ರಾಜ್ಯಕ್ಕೆ ಉಸಿರು ಎಲ್ಲಿಂದ ಬರುತ್ತದೆ ಎಂದು ಬಂದರಿನಲ್ಲಿ ಇಳಿದು ಬಂದವನಿಗೆ ಗೊತ್ತಿತ್ತು. 1481ರಲ್ಲಿ ಖೋಟಾ ಪತ್ರವೊಂದನ್ನು ನಂಬಿದ ಸುಲ್ತಾನ ಅವನ ತಲೆ ತೆಗೆಸಿದ. ಆಮೇಲೆ ರಾಜ್ಯವೂ ಹೆಚ್ಚು ದಿನ ಬಾಳಲಿಲ್ಲ.

ಕುದುರೆಯ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ನನಗೆ ಇಷ್ಟವಾದದ್ದು. ರಷ್ಯಾ ದೇಶದ ತ್ವೇರ್ ಎಂಬ ಊರಿನ ವ್ಯಾಪಾರಿ ಅಫಾನಾಸಿ ನಿಕಿತಿನ್ 1469ರ ಸುಮಾರಿಗೆ ಹೋರ್ಮುಜಿನಿಂದ ಹಡಗು ಹತ್ತಿ ಚೌಲ್ ಬಂದರಿಗೆ ಬಂದ. ಬಂಡವಾಳವೆಂದರೆ ಒಂದೇ ಒಂದು ಗಂಡು ಕುದುರೆ. ಇಲ್ಲಿ ಒಳ್ಳೆಯ ಯುದ್ಧದ ಕುದುರೆ ಹುಟ್ಟುವುದಿಲ್ಲ, ಮಾರಿದರೆ ಲಾಭ ಎಂದು ಯಾರೋ ಅವನಿಗೆ ಹೇಳಿದ್ದರು. ಜುನ್ನಾರಿನಲ್ಲಿ ಅಲ್ಲಿನ ಖಾನ ಕುದುರೆಯನ್ನು ಕಿತ್ತುಕೊಂಡು, ಮತ ಬದಲಿಸಿದರೆ ಕುದುರೆಯ ಜೊತೆ ಸಾವಿರ ಹೊನ್ನು ಕೊಡುತ್ತೇನೆ, ಇಲ್ಲವಾದರೆ ಕುದುರೆಯೂ ಇಲ್ಲ, ಮೇಲೆ ಸಾವಿರ ಹೊನ್ನು ನೀನೇ ಕೊಡಬೇಕು ಎಂದ. ನಾಲ್ಕು ದಿನದ ಗಡುವು. ಖುರಾಸಾನದ ಒಬ್ಬ ಮುಸಲ್ಮಾನ ಖ್ವಾಜಾ ನಡುವೆ ಬಂದು ಖಾನನಿಗೆ ಹೇಳಿ ಕುದುರೆಯನ್ನು ಬಿಡಿಸಿಕೊಟ್ಟ. ಆ ಕುದುರೆ ಕೊನೆಗೆ ಮಾರಾಟವಾದದ್ದು ನಮ್ಮ ಬೀದರಿನಲ್ಲಿ.

ಆ ಮನುಷ್ಯ ನಮ್ಮ ಕೋಟೆಯನ್ನು ನೋಡಿ ಬರೆದಿಟ್ಟಿದ್ದಾನೆ. ಸುಲ್ತಾನನ ಅರಮನೆಗೆ ಏಳು ಬಾಗಿಲು, ಒಂದೊಂದು ಬಾಗಿಲಲ್ಲೂ ನೂರು ಜನ ಕಾವಲುಗಾರರು, ನೂರು ಜನ ಗುಮಾಸ್ತರು, ಒಳಗೆ ಹೋದವರನ್ನು ಒಬ್ಬರು ಬರೆದುಕೊಳ್ಳುತ್ತಾರೆ, ಹೊರಗೆ ಬಂದವರನ್ನು ಇನ್ನೊಬ್ಬರು ಬರೆದುಕೊಳ್ಳುತ್ತಾರೆ ಎಂದು. ಆರು ನೂರು ವರ್ಷದ ಹತ್ತಿರ ಹತ್ತಿರವಾದರೂ ಬಾಗಿಲಲ್ಲಿ ಹೆಸರು ಬರೆಸುವ ಸಂಪ್ರದಾಯವನ್ನು ನಾವು ಬಿಟ್ಟಿಲ್ಲ. ನಿಕಿತಿನ್ ದಾಬೋಳದಿಂದ ಹಡಗು ಹತ್ತಿ ಹಿಂದಿರುಗಿದ, ತನ್ನ ಊರು ಮುಟ್ಟುವ ಮುನ್ನವೇ ಸ್ಮೊಲೆನ್ಸ್ಕ್ ಹತ್ತಿರ ತೀರಿಕೊಂಡ.

ಇನ್ನೊಬ್ಬನ ಹೆಸರು ಹೇಳಲೇಬೇಕು. 1657ರಲ್ಲಿ ಔರಂಗಜೇಬ ಬೀದರಿಗೆ ಮುತ್ತಿಗೆ ಹಾಕಿದಾಗ ಕೋಟೆಯನ್ನು ಕಾಯುತ್ತಿದ್ದವನು ಬಿಜಾಪುರದವರ ಕಿಲ್ಲೇದಾರ ಸಿದ್ದಿ ಮರ್ಜಾನ್. ಸಿದ್ದಿಗಳು ಎಂದರೆ ಹಬಶಿಗಳು, ಕಡಲಾಚೆಯ ಆಫ್ರಿಕಾದ ಮೂಲದವರು. ಊರಿನ ಪೂರ್ವದ ಹಬಶಿ ಕೋಟದ ಗೋರಿಗಳನ್ನು ನೀವು ನೋಡಿದ್ದೀರಿ. 27 ದಿನ ಕಾದ. ಮೊಗಲರ ಬೆಂಕಿ ಬುರುಜಿನ ಮೇಲಿದ್ದ ಮದ್ದಿಗೆ ತಗುಲಿ ಸಿಡಿದು ಮಕ್ಕಳ ಜೊತೆ ಸುಟ್ಟುಕೊಂಡ, ಆಮೇಲೆ ಪ್ರಾಣ ಬಿಟ್ಟ. ಕೋಟೆ ಬಿತ್ತು, ಊರಿನ ಹೆಸರು ಜಫರಾಬಾದ್ ಆಯಿತು. ಮರ್ಜಾನ್ ಎಂದರೆ ಅರಬ್ಬಿಯಲ್ಲಿ ಹವಳ. ಕಡಲಿಲ್ಲದ ಊರಿನ ಬುರುಜನ್ನು ಕಡಲಾಚೆಯ ಕುಲದ, ಹವಳ ಎಂಬ ಹೆಸರಿನ ಮುದುಕ ಕಾಯುತ್ತಾ ಸತ್ತ. ನನ್ನ ಮೂವತ್ತು ವರ್ಷದ ಪಾಠದಲ್ಲಿ ಅವನು ಒಂದು ಸಾಲು ಮಾತ್ರ. ತಪ್ಪು ನನ್ನದೇ.

ನೀರಿನ ಮಾತನ್ನೂ ಆಡಿಬಿಡುತ್ತೇನೆ, ಹೆಂಡತಿಯ ತಂಬಿಗೆಗೆ ಉತ್ತರ ಬಾಕಿ ಇದೆ. ಕೆಂಪುಕಲ್ಲು ತೂತಿನ ಕಲ್ಲಾದ್ದರಿಂದ ಮಳೆನೀರನ್ನು ಕುಡಿಯುತ್ತದೆ. ಬೀದರಿನಲ್ಲಿ ಅದರ ಕೆಳಗೆ ಕರಿಕಲ್ಲಿನ ಹಾಸು ಇದೆ. ಅಲ್ಲಿಗೆ ಬಂದ ನೀರು ಕೆಳಗಿಳಿಯಲಾರದೆ ಪಕ್ಕಕ್ಕೆ ಹರಿದು ದಿಬ್ಬದ ಅಂಚಿನಲ್ಲಿ ಹೊರಗೆ ಬರುತ್ತದೆ. ನಾನಕ್ ಝೀರಾ, ಪಾಪನಾಶ, ಎದೆಮಟ್ಟದ ನೀರಿನಲ್ಲಿ ನಡೆದುಹೋಗಿ ದರ್ಶನ ಮಾಡುವ ಝರಣಿ ನರಸಿಂಹ, ಎಲ್ಲವೂ ಇದೇ ಕಲ್ಲಿನ ಕೊಡುಗೆ. ಬಹಮನಿಗಳ ಕಾಲದಲ್ಲಿ ನೌಬಾದಿನಲ್ಲಿ ನೆಲದೊಳಗೆ ಕಾಲುವೆ ಕೊರೆದು, ಸಾಲಾಗಿ ಬಾವಿಗಳಂಥ ಗಾಳಿಗಂಡಿ ಬಿಟ್ಟು, ಇಳಿಜಾರಿನ ಬಲದಿಂದಲೇ ನೀರು ಹರಿಸಿದರು. ಅದು ಕರೇಜ್, ನಮ್ಮ ಬಾಯಲ್ಲಿ ಸುರಂಗ ಬಾವಿ. ಕಾಸರಗೋಡಿನ ಗುಡ್ಡಗಳಲ್ಲಿ ಅಡಿಕೆ ತೋಟದವರು ಇದೇ ಕೆಂಪುಕಲ್ಲಿನೊಳಗೆ ಅಡ್ಡಕ್ಕೆ ಸುರಂಗ ಕೊರೆದು ಪಂಪು ಇಲ್ಲದೆ ನೀರು ತರುತ್ತಾರೆ. ಅವರೂ ಅದನ್ನು ಸುರಂಗ ಎಂದೇ ಕರೆಯುತ್ತಾರೆ. ಯಾರು ಯಾರಿಂದ ಕಲಿತರೋ ನಾನು ವಾದಿಸುವುದಿಲ್ಲ. ಕಲ್ಲು ಒಂದೇ ಆದರೆ ಬಾಯಾರಿದವನ ಬುದ್ಧಿಯೂ ಒಂದೇ ದಾರಿ ಹಿಡಿಯುತ್ತದೆ.

ಹೋಗುವವರಿಗೆ ನಾಲ್ಕು ಮಾತು. ಬೇಕಲಕ್ಕೆ ಬೇಕಲ ಫೋರ್ಟ್ ಎಂಬ ರೈಲು ನಿಲ್ದಾಣವೇ ಇದೆ, ಆದರೆ ಹೆಚ್ಚಿನ ರೈಲು ನಿಲ್ಲುವುದು ಕಾಸರಗೋಡಿನಲ್ಲಿ. ಅಲ್ಲಿಂದ ಬಸ್ಸು ಸುಲಭ. ಕೋಟೆಯೊಳಗೆ ನೆರಳು ಕಡಿಮೆ. ಬಿಸಿಲು ನಮಗೆ ಹೊಸದಲ್ಲ, ಆದರೆ ಕಡಲ ದಂಡೆಯ ಬಿಸಿಲು ಬೆವರಿನ ಬಿಸಿಲು, ನೀರು ಜೊತೆಗಿರಲಿ. ಎಲ್ಲರೂ ಡಿಸೆಂಬರಿನಲ್ಲಿ ಹೋಗಿ ಎನ್ನುತ್ತಾರೆ, ಸಂಜೆಯ ಸೂರ್ಯ ಚೆಂದ ಕಾಣುತ್ತಾನೆ ನಿಜ. ನಾನು ಮಳೆಗಾಲದಲ್ಲಿ ಹೋಗಿ ಎನ್ನುತ್ತೇನೆ. ಕೋಟೆ ಯಾರಿಗೆ ಹೆದರಿ ಅಲ್ಲಿ ನಿಂತಿದೆ ಎಂಬುದು ಆಗಲೇ ತಿಳಿಯುವುದು. ಗಟ್ಟಿ ಹಿಡಿತದ ಚಪ್ಪಲಿ ಹಾಕಿಕೊಳ್ಳಿ. ಕಡಲ ಕಡೆಯ ಸಣ್ಣ ಬಾಗಿಲಿನಿಂದ ಕೆಳಗಿಳಿದರೆ ಅಲೆಗಳ ಎದುರೇ ನಿಂತ ಬುರುಜು ಇದೆ, ಮಳೆಗಾಲದಲ್ಲಿ ಮಕ್ಕಳ ಕೈ ಬಿಡಬೇಡಿ.

ಹೊರಗಿನವರಿಗೆ ನಮ್ಮ ಕೋಟೆ ತೋರಿಸುವಾಗ ದಯವಿಟ್ಟು ಮಧ್ಯಾಹ್ನ ಹೊರಡಬೇಡಿ. ಬೆಳಿಗ್ಗೆ ಶರ್ಜಾ ದರ್ವಾಜಾದ ಹುಲಿಗಳಿಂದ ಶುರು ಮಾಡಿ. 1503ರಲ್ಲಿ ಕಟ್ಟಿದ ಬಾಗಿಲು ಅದು. ಕಂದಕ, ಸೋಲಾ ಖಂಬ ಮಸೀದಿ, ಹಳೆಯ ಹಮಾಮಿನಲ್ಲಿರುವ ವಸ್ತುಸಂಗ್ರಹಾಲಯ, ಆಮೇಲೆ ರಂಗೀನ್ ಮಹಲ್. ಅದಕ್ಕೆ ಬೀಗವಿದ್ದರೆ ಸಿಬ್ಬಂದಿಯನ್ನು ಕೇಳಿ, ಕೇಳುವುದರಲ್ಲಿ ನಾಚಿಕೆಯಿಲ್ಲ. ತಖ್ತ್ ಮಹಲಿನಲ್ಲಿ ಹೆಂಚಿನ ಮೇಲಿನ ಹುಲಿ ಮತ್ತು ಸೂರ್ಯ. ಕಡೆಗೆ ಉತ್ತರದ ಗೋಡೆ. 37 ಬುರುಜುಗಳನ್ನೂ ತೋರಿಸಲು ಹೋಗಬೇಡಿ, ನೆಂಟರು ಮತ್ತೆ ಬರುವುದಿಲ್ಲ.

ಪ್ರಶ್ನೋತ್ತರದ ಹೊತ್ತಿನಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಸರ್, ಕಲ್ಲು ಒಂದೇ ಆದರೆ ಬಿದರಿ ಕೆಲಸಕ್ಕೆ ಬೇಕಲದ ಮಣ್ಣೂ ಆಗುತ್ತದೆಯೇ?"

ಒಳ್ಳೆಯ ಪ್ರಶ್ನೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಸತು ಹೆಚ್ಚು, ತಾಮ್ರ ಕಡಿಮೆ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ತಂತಿ ಕೂರಿಸಿ, ಕೊನೆಗೆ ನಮ್ಮ ಕೋಟೆಯೊಳಗಿನ ಮಣ್ಣು ಮತ್ತು ನವಸಾಗರ ಕಲಸಿದ ನೀರಿನಲ್ಲಿ ಕುದಿಸಿದಾಗ ಲೋಹ ಇದ್ದಿಲಿನ ಹಾಗೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. ಆ ಮಣ್ಣು ಮಳೆ ಬಿಸಿಲು ಕಾಣದ ಹಳೆಯ ಕಟ್ಟಡದ ಒಳಗಿನದ್ದಾಗಬೇಕು. ಕುಶಲಕರ್ಮಿಗಳು ಅದನ್ನು ನಾಲಿಗೆಯ ಮೇಲಿಟ್ಟು ನೋಡಿಯೇ ಆರಿಸುತ್ತಾರೆ. ಇದೇ ಪ್ರಶ್ನೆಯನ್ನು ನನ್ನ ಮೊಮ್ಮಗಳೂ ಕೇಳಿದ್ದಳು. ಕೋಟೆಯ ಮಣ್ಣನ್ನು ಮುಟ್ಟಬಾರದು, ಹಾಗಾಗಿ ಬೇಕಲದ ಹೊರಗೆ ರಸ್ತೆಯ ಬದಿಯ ಮಣ್ಣನ್ನು ಅವಳು ಕರ್ಚೀಫಿನಲ್ಲಿ ಕಟ್ಟಿಕೊಂಡು ಬಂದಳು. ಊರಿಗೆ ಬಂದ ಮೇಲೆ ಬಿದರಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿಯ ಬಳಿ ಕರೆದುಕೊಂಡು ಹೋದೆ. ಅವನು ಗಂಭೀರವಾಗಿ ಒಂದು ಚಿಟಿಕೆ ತೆಗೆದು ನಾಲಿಗೆಗೆ ಇಟ್ಟುಕೊಂಡ, ಕಣ್ಣು ಮುಚ್ಚಿದ, ಎದ್ದು ಹೋಗಿ ಬಾಗಿಲ ಹೊರಗೆ ಉಗಿದು ಬಂದ.

"ಬರೀ ಉಪ್ಪು, ಗುರುಗಳೇ" ಎಂದ. "ಇದು ಉಪ್ಪಿನಕಾಯಿಗೆ ಆದೀತು."